ಹೆಪ್ಪಿನ ಮನೆ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ಲೋಟ ನೋಡುತ್ತಾರೆ. ಅವಳು ತಟ್ಟೆಯಲ್ಲಿ ಹಾಲಿನ ಲೋಟ ಹಿಡಿದು ಅಡುಗೆಮನೆಯಿಂದ ನಡುಮನೆಗೆ ಬರುವಷ್ಟರಲ್ಲಿ ಹಾಲು ಹಾಲಾಗಿಯೇ ಇದ್ದರೆ ಹುಡುಗಿ ಹಾಲಿನವಳು. ಲೋಟ ಬಗ್ಗಿಸಿದರೂ ಬೀಳದಂಥ ಮೊಸರಾಗಿದ್ದರೆ ಹೆಪ್ಪಿನವಳು. ಎರಡರಲ್ಲಿ ಯಾವುದೂ ಕುಂದಲ್ಲ. ಹಾಲಿನವರ ಮನೆಯಲ್ಲಿ ಕಾಫಿ ಚೆನ್ನಾಗಿರುತ್ತದೆ, ಹೆಪ್ಪಿನವರ ಮನೆಯಲ್ಲಿ ಮಜ್ಜಿಗೆಹುಳಿ ಚೆನ್ನಾಗಿರುತ್ತದೆ. ಎರಡೂ ಬೇಕೆನ್ನುವವರು ಎರಡು ಮನೆ ಕಟ್ಟಿಸಬೇಕು, ಅಷ್ಟೇ.

ನನ್ನನ್ನು ನೋಡಲು ಬಂದ ದಿನ ಅತ್ತೆ ಚಿಕ್ಕತಾಯಮ್ಮ ನಮ್ಮ ಮನೆಯ ಒಳಗೆ ಕಾಲಿಡಲೇ ಇಲ್ಲ. ಊರಿಗೆಲ್ಲ ಹೆಸರಾದ ಹೆಪ್ಪಿನವರು ಅವರು. ಒಳಗೆ ಬಂದರೆ ಹಾಲು ಅವರ ಲೆಕ್ಕಕ್ಕೆ ಹೋಗಿಬಿಡುತ್ತಿತ್ತು. ಹಾಗಾಗಿ ಹೊರಗೆ ಜಗಲಿಯ ಮೇಲೆ ಕೂತು, ಒಳಗಿದ್ದ ಮಗನನ್ನು "ಏನಾಯ್ತ್ಲಾ ಸಿದ್ದ?" ಎಂದು ಕೂಗಿ ಕೇಳಿದರು. "ಹಾಲೇ ಕಣವ್ವ" ಎಂದರು, ನನ್ನ ಗಂಡನಾಗಲಿದ್ದ ಸಿದ್ದರಾಜು.  ಜಗಲಿಯಿಂದ "ಕೈಕಾಲಾದ್ರೂ ಗಟ್ಟಿಯಾಗವ್ಯಾ ನೋಡ್ಲಾ" ಎಂದು ಕೇಳಿಸಿತು. ನನ್ನ ಕೈಕಾಲು ಗಟ್ಟಿಯಾಗಿದ್ದವು. ಮದುವೆಯಾಯಿತು.

ಅತ್ತೆಯ ಕೆಲಸ ನೋಡುವವರಿಗೆ ಕೆಲಸವೇ ಅಲ್ಲ. ಬೆಳಿಗ್ಗೆ ದನದ ಹಟ್ಟಿಯವರು ಹಾಲು ತಂದು ಹಿತ್ತಿಲಲ್ಲಿ ಇಳಿಸಿ ಹೋಗುತ್ತಿದ್ದರು. ನಾನು ಅದನ್ನು ಅಲ್ಲೇ ಕಾಯಿಸಿ, ಆರಿಸಿ, ಮಣ್ಣಿನ ಕುಡಿಕೆಗಳಿಗೆ ತುಂಬಿ ಪಡಸಾಲೆಯಲ್ಲಿ ಸಾಲಾಗಿ ಇಡುತ್ತಿದ್ದೆ. ಅತ್ತೆ ಆ ಸಾಲಿನ ಎದುರು ಮಣೆ ಹಾಕಿಕೊಂಡು ಕೂತು ಬೈಯಲು ತೊಡಗುತ್ತಿದ್ದರು. ಹಾಲಿಗೆ ನೀರು ಬೆರೆಸಿದ ಹಟ್ಟಿಯವರು, ಸತ್ತುಹೋಗಿ ಬಹಳ ಕಾಲವಾಗಿದ್ದ ನಮ್ಮ ಮಾವ, ನಲ್ಲಿಗೆ ನೀರು ಬಿಡದ ಪಂಚಾಯ್ತಿಯವರು, ಯಾರಾದರೂ ಸರಿ. ಬೈದಷ್ಟೂ ಮೊಸರು ಗಟ್ಟಿ ಎಂಬುದು ಅವರ ನಂಬಿಕೆ. ಬೈಯಲು ಬೇರೆ ಯಾರೂ ಸಿಗದ ದಿನ ನಾನಿದ್ದೆ. ಸಾಲಿನ ಕೊನೆಯ ಕುಡಿಕೆ ಮೊಸರಾಗುವ ಹೊತ್ತಿಗೆ ಗಿರಾಕಿಗಳು ಬಾಗಿಲಲ್ಲಿರುತ್ತಿದ್ದರು. ವ್ಯಾಪಾರ ಮುಗಿದ ಮೇಲೆ ತಳದಲ್ಲಿ ಉಳಿದದ್ದನ್ನು ಹಿಡಿದು ಅತ್ತೆ ಬೀದಿಗಿಳಿಯುತ್ತಿದ್ದರು. ಹಾಲಿನವರ ಮನೆಗಳಲ್ಲಿ ಹೆಪ್ಪು ಹಳೆಯದಾಗಿ ಹುಳಿ ತಿರುಗಿರುತ್ತದಲ್ಲ, ಅಂಥವರ ಬಟ್ಟಲಿಗೆ ಒಂದೊಂದು ಚಮಚ ಹಾಕಿ, ಅವರ ಮನೆಯ ಸುದ್ದಿ ತೆಗೆದುಕೊಂಡು ಬರುತ್ತಿದ್ದರು. ಹೆಪ್ಪಿಗೆ ಬೆಲೆ ಕಟ್ಟಬಾರದು ಎನ್ನುತ್ತಿದ್ದರು. ಸುದ್ದಿ ತೆಗೆದುಕೊಂಡರೆ ಅದು ಬೆಲೆಯಲ್ಲ.

ಅವರಿಗೆ ಇದ್ದದ್ದು ಒಂದೇ ಕೊರಗು. ಮಗ ಹಾಲಿನವನಾದ. ಸೊಸೆ ಹಾಲಿನವಳು ಬಂದಳು. ಮೊಮ್ಮಗನ ಮೇಲೆ ಸ್ವಲ್ಪ ಆಸೆಯಿತ್ತು. ಅವನು ದೂರದ ಹಾಸ್ಟೆಲಿಗೆ ಸೇರಿದ ತಿಂಗಳಿನಲ್ಲೇ, ಇಲ್ಲಿ ಕಾಫಿ ಬಹಳ ಚೆನ್ನಾಗಿದೆ ಎಂದು ಫೋನು ಮಾಡಿದ. ಅಂದು ಅತ್ತೆ ಊಟ ಮಾಡಲಿಲ್ಲ. "ಈ ಮೂಗಲ್ಲಿರೋ ಹೆಪ್ಪು ನನ್ನ ಜೊತೆಗೇ ಮಣ್ಣಿಗೆ ಹೋಗ್ತದೆ ಬಿಡು" ಎಂದು ನನ್ನನ್ನು ನೋಡಿ ಹೇಳಿದರು. ತಪ್ಪು ನನ್ನದೇ ಎನ್ನುವ ಹಾಗೆ.

ನಮ್ಮೂರ ಆಸ್ಪತ್ರೆಗೆ ಮಾತ್ರ ಹೆಪ್ಪಿನವರನ್ನು ಕಂಡರೆ ಆಗದು. ಹೆಪ್ಪಿನವರಿಗೆ ಕಾಯಿಲೆ ಏನೂ ಇರುವುದಿಲ್ಲ. ಕೆಮ್ಮಿಲ್ಲ, ನೆಗಡಿಯಿಲ್ಲ, ಕಲ್ಲು ಗುಂಡಿನಂತೆ ಇರುತ್ತಾರೆ. ಗಾಯವಾದವರ ಹತ್ತಿರ ಸುಳಿದರೆ ಮಾತ್ರ ಆ ಗಾಯ ಹುಳಿಯುತ್ತದೆ. ಹುಳಿಯುವುದು ಎನ್ನುವುದು ನಮ್ಮ ಕಡೆಯ ಮಾತು. ಕೀವಾಗುವುದು, ಜ್ವರ ಏರುವುದು, ಹೊಲಿಗೆ ಬಿಚ್ಚಿಕೊಳ್ಳುವುದು, ಕೆಲವರು ಹೋಗಿಯೇಬಿಡುವುದು, ಎಲ್ಲವೂ ಆ ಒಂದು ಮಾತಿನಲ್ಲಿ ಸೇರಿದೆ. ಅದಕ್ಕೇ ಪ್ರತಿ ವಾರ್ಡಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಒಂದು ಬಟ್ಟಲು ಹಾಲು ಇಟ್ಟಿರುತ್ತಾರೆ. ಹಾಲು ಗಟ್ಟಿಯಾದರೆ ಎಂಥ ದೊಡ್ಡವರಾದರೂ ಅಲ್ಲಿಂದಲೇ ವಾಪಸ್ಸು. ಡಾಕ್ಟರು, ಸಿಸ್ಟರುಗಳು, ನೆಲ ಒರೆಸುವವರು ಎಲ್ಲರೂ ಬೆಳಿಗ್ಗೆ ಬಟ್ಟಲಿಗೆ ಮುಖ ತೋರಿಸಿಯೇ ಒಳಗೆ ಹೋಗುವುದು. ಅವರಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಹೆಪ್ಪು ಬಂದರೆ ಮೂಗಿಗೆ ಮುಲಾಮು ಹಚ್ಚಿಕೊಂಡು ಮನೆಯಲ್ಲಿರಲು ರಜೆ ಕೊಡುತ್ತಾರೆ. ಅದಕ್ಕೆ ಹೆಪ್ಪುರಜೆ ಎಂದೇ ಹೆಸರು. ಹಬ್ಬದ ಹಿಂದೆಮುಂದೆ ಅದು ಹೆಚ್ಚಾಗುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ.

ಅತ್ತೆ ಜಾರಿ ಬಿದ್ದದ್ದು ತಮ್ಮದೇ ಮಜ್ಜಿಗೆಯ ಮೇಲೆ. ಪಡಸಾಲೆಯಲ್ಲಿ ಚೆಲ್ಲಿದ್ದನ್ನು ನಾನು ಒರೆಸುವ ಬಟ್ಟೆ ತರುವಷ್ಟರಲ್ಲಿ, ಅದಕ್ಕೆ ಕಾರಣನಾದ ಬೆಕ್ಕನ್ನು ಓಡಿಸಲು ಎದ್ದರು. ಬೆಕ್ಕು ತಪ್ಪಿಸಿಕೊಂಡಿತು. ನಾವು ಅವರನ್ನು ಆಟೋದಲ್ಲಿ ಅಡ್ಡ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು. ಬಾಗಿಲ ಬಟ್ಟಲು ನಾವು ಮೆಟ್ಟಿಲು ಹತ್ತುವಾಗಲೇ ಗಟ್ಟಿಯಾಯಿತು. ಯಾರೂ ಆಶ್ಚರ್ಯಪಡಲಿಲ್ಲ. ಬಟ್ಟಲನ್ನು ಬದಲಾಯಿಸಿದ ಸಿಸ್ಟರ್ ರತ್ನಾವತಿ, "ಚಿಕ್ಕತಾಯಮ್ಮನೋರು ಬಂದ್ರಾ, ಹೆಪ್ಪುಕೋಣೆಗೆ ಕರ್ಕೊಂಡೋಗಿ" ಎಂದರು. ಹೆಪ್ಪುಕೋಣೆ ಎಂದರೆ ವರಾಂಡದ ತುದಿಯಲ್ಲಿ, ವಾರ್ಡುಗಳಿಂದ ದೂರವಾಗಿ, ನಿಂಬೆಗಿಡದ ಕಡೆಗೆ ಕಿಟಕಿಯಿರುವ ಒಂದು ಕೋಣೆ. ಗಂಡ ಸೈಕಲ್ ರಿಪೇರಿ ಅಂಗಡಿಗೆ ಹೋಗಲೇಬೇಕಿತ್ತು. ಅತ್ತೆಯ ಜೊತೆ ಹಗಲು ರಾತ್ರಿ ನಾನೇ ಉಳಿದೆ.

ಡಾಕ್ಟರ್ ಜುಬೇದಾ ಎಕ್ಸ್‌ರೇ ಹಿಡಿದುಕೊಂಡು ಬಂದರು. ಸುತ್ತಿ ಬಳಸಿ ಮಾತಾಡುವವರಲ್ಲ.

"ಸೊಂಟದ ಹತ್ತಿರ ತೊಡೆಮೂಳೆ ಮುರಿದಿದೆ ಅಮ್ಮ. ಒಳಗೆ ಸ್ಟೀಲ್ ರಾಡ್ ಹಾಕಬೇಕು. ಆದರೆ ನಿಮ್ಮ ಮೂಗಲ್ಲಿ ಹೆಪ್ಪು ಇರೋತನಕ ನಾನು ಚಾಕು ಮುಟ್ಟಲ್ಲ. ರಾಡ್ ಮೇಲೆ ಅದು ಹತ್ತಿಕೊಂಡ್ರೆ ಗಾಯ ಹುಳಿಯುತ್ತೆ. ಆಮೇಲೆ ರಾಡೂ ತೆಗೀಬೇಕು, ಕಾಲೂ ಹೋಗಬಹುದು."

"ನಂದೇ ಹೆಪ್ಪು ನಂಗೆ ಯಾಕವ್ವ ಹುಳೀತದೆ? ಇಷ್ಟು ವರ್ಷ ನನ್ನ ಹತ್ರನೇ ಇತ್ತಲ್ಲ, ಏನ್ ಮಾಡ್ತು?"

"ಹೊರಗಿದ್ದಷ್ಟು ದಿನ ಏನೂ ಮಾಡಲ್ಲ. ಚರ್ಮ ಕೊಯ್ದು ಒಳಗೆ ದಾರಿ ಮಾಡಿಕೊಟ್ಟರೆ ನಿಮ್ಮದು, ಬೇರೆಯವರದು ಅಂತ ನೋಡಲ್ಲ." ಡಾಕ್ಟರು ಔಷಧಿ ಚೀಟಿಯ ಹಿಂದೆ ಒಂದಕ್ಕೊಂದು ಅಂಟಿಕೊಂಡ ಸಣ್ಣ ಸಣ್ಣ ಗುಂಡುಗಳನ್ನು ಬರೆದು ತೋರಿಸಿದರು. "ಇದರ ಹೆಸರು ಸ್ಟ್ಯಾಫಿಲೋಕಾಕಸ್. ಮೂಗಿನ ಒಳಗೆ ಹೀಗೆ ಗೊಂಚಲು ಗೊಂಚಲಾಗಿ ಕೂತಿರುತ್ತೆ."

ಅತ್ತೆ ಚೀಟಿಯನ್ನು ದೂರ ಹಿಡಿದು ನೋಡಿದರು. "ದ್ರಾಕ್ಷಿ ಅಂಗದೆ" ಎಂದು ಮೆಚ್ಚಿಕೊಂಡರು. "ಮೂಗೊಳಗೆ ಇಷ್ಟು ದೊಡ್ಡ ತೋಟ ಇಟ್ಕಂಡು ನಾನು ಕಂಡೋರ ಮನೆ ನಿಂಬೆಕಾಯಿಗೆ ಆಸೆಪಡ್ತಿದ್ನಾ!"

ತೋಟ ಕೀಳಲು ಬೇಕಾದದ್ದು ಒಂದು ಸಣ್ಣ ಮುಲಾಮಿನ ಟ್ಯೂಬು ಮತ್ತು ಮೈತೊಳೆಯುವ ಕೆಂಪು ಔಷಧಿ. ಐದು ದಿನದ ಕೆಲಸ ಎಂದರು ಡಾಕ್ಟರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಹೋದದ್ದು ತಿರುಗಾ ಬತ್ತದಾ?"

"ಕೆಲವರಿಗೆ ಬರುತ್ತೆ, ಕೆಲವರಿಗೆ ಇಲ್ಲ. ನಾನು ಮಾತು ಕೊಡೋಕಾಗಲ್ಲ."

"ಅಂಗಾದ್ರೆ ನಿಮ್ಮ ಸರಳು ಬ್ಯಾಡ. ನಾನು ಹಿಂಗೇ ಮಲಗಿರ್ತೀನಿ."

"ಹೀಗೇ ಮಲಗಿದ್ರೆ ಬೆನ್ನು ಹುಣ್ಣಾಗುತ್ತೆ, ಎದೆಯಲ್ಲಿ ಕಫ ಕಟ್ಟುತ್ತೆ. ಬಹಳ ದಿನ ಇರಲ್ಲ ನೀವು" ಎಂದರು ಡಾಕ್ಟರು. ಅತ್ತೆ ನಿಂಬೆಗಿಡದ ಕಡೆ ಮುಖ ತಿರುಗಿಸಿಕೊಂಡರು.

ಸಂಜೆ ನನ್ನ ಗಂಡ ಬಂದು ಮಂಚದ ಪಕ್ಕ ಕೂತು ಅತ್ತರು. "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲವ್ವ. ಪ್ರಾಣಕ್ಕಿಂತ ಹೆಪ್ಪು ದೊಡ್ಡದಾ?" ಎಂದು ಕೇಳಿದರು. ಅತ್ತೆ, "ಎದ್ದೋಗ್ಲಾ, ಅಂಗಡಿ ನೋಡ್ಕ" ಎಂದರು. ಎದುರುಮನೆಯ ಸುಂದ್ರಕ್ಕ ಕಿಟಕಿಯಾಚೆ ನಿಂತು ಬುದ್ಧಿ ಹೇಳಿದಳು. ಅವಳಿಗೂ ಬೈಗುಳವೇ ಸಿಕ್ಕಿತು. ನಾನು ಬುದ್ಧಿ ಹೇಳಲಿಲ್ಲ. ಹಾಲಿನವಳ ಮಾತು ಹೆಪ್ಪಿನವರ ಕಿವಿಗೆ ಬೀಳುವುದಿಲ್ಲ ಎಂಬುದು ಆ ಮನೆಯಲ್ಲಿ ನಾನು ಕಲಿತ ಮೊದಲ ಪಾಠ.

ಕೊನೆಗೆ ಅವರನ್ನು ಒಪ್ಪಿಸಿದ್ದು ಬೆಡ್‌ಪ್ಯಾನು. ನಾನು ಅದನ್ನು ಅವರ ಅಡಿಗೆ ಸರಿಸುವಾಗ ಅವರು ಪ್ರತಿ ಸಲವೂ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. ಮೂಳೆಯ ನೋವಿಗೆ ಕೂಗದವರು ಆ ಹೊತ್ತಿನಲ್ಲಿ ಹಲ್ಲು ಕಡಿಯುತ್ತಿದ್ದರು. ಒಂದು ಮಧ್ಯಾಹ್ನ ಸೆರಗಿನ ಒಳಗಿನಿಂದಲೇ ಹೇಳಿದರು: "ಪ್ರಮೀಳಾ, ಆ ಡಾಕ್ಟ್ರಮ್ಮನ್ನ ಕರಿ. ಹೆಪ್ಪು ಹೋದ್ರೆ ಹೋಗ್ಲಿ. ಎದ್ದೋಗಿ ಉಚ್ಚೆ ಹುಯ್ಕಬೇಕು ಕಣೇ ನಾನು."

ಮೂಗುತಿ ತೆಗೆಯಬೇಕು ಎಂದರು ಸಿಸ್ಟರ್ ರತ್ನಾವತಿ. ಹೆಪ್ಪು ಅದರ ತಿರುಪಿನಲ್ಲೂ ಅಡಗಿರುತ್ತದಂತೆ. ಮದುವೆಯಾದಾಗಿನಿಂದ ಬಿಚ್ಚದ ಮೂಗುತಿ. ಕೊಬ್ಬರಿ ಎಣ್ಣೆ ಬಿಟ್ಟು ತಿರುಗಿಸಿ ತಿರುಗಿಸಿ ತೆಗೆಯುವಷ್ಟರಲ್ಲಿ ನನ್ನ ಬೆರಳು ಮರಗಟ್ಟಿತು. ಬೆಳಿಗ್ಗೆ ಸಂಜೆ ಹತ್ತಿಕಡ್ಡಿಯಲ್ಲಿ ಮುಲಾಮು ಹಚ್ಚುತ್ತಿದ್ದವಳೂ ನಾನೇ. ಕೆಂಪು ಔಷಧಿಯಲ್ಲಿ ಮೈ ಒರೆಸಿ ತಲೆ ತೊಳೆಸಿದೆ. ಹಾಸಿಗೆ ಬಟ್ಟೆ ದಿನಾ ಬದಲಾಯಿತು. ಅತ್ತೆ ಕಣ್ಣು ಮುಚ್ಚಿಕೊಂಡು, ಯಾರೋ ಹೋಗಿಬಿಟ್ಟವರ ಮನೆಯಲ್ಲಿ ಕೂತ ಹಾಗೆ ಇರುತ್ತಿದ್ದರು. ಬೈಯುವುದನ್ನು ಸಹ ಬಿಟ್ಟರು.

ಮುಲಾಮಿನ ಅವಧಿ ಮುಗಿದ ದಿನ ಸಿಸ್ಟರು ಬಟ್ಟಲು ತಂದರು. ನಾನು ಅತ್ತೆಯ ತಲೆಯನ್ನು ತೋಳಿನ ಮೇಲೆ ಎತ್ತಿ ಹಿಡಿದೆ. ಬಟ್ಟಲು ಎದುರಿಗೆ ಬಂದದ್ದೇ ತಡ, ಹಾಲಿನ ಮೇಲೆ ಮೊದಲು ಒಂದು ಸುಕ್ಕು ಮೂಡಿತು, ಆಮೇಲೆ ಅದು ಅಲ್ಲಾಡುವುದನ್ನೇ ನಿಲ್ಲಿಸಿತು. ಸಿಸ್ಟರು ಬೆರಳಿನಿಂದ ಒತ್ತಿ ನೋಡಿ ನಿಟ್ಟುಸಿರು ಬಿಟ್ಟರು. ಅತ್ತೆಯ ಮುಖದಲ್ಲಿ ಬಹಳ ದಿನದ ಮೇಲೆ ಬೆಳಕು ಬಂತು. "ನಮ್ಮ ವಂಶದ್ದು ಕಣವ್ವ. ಪೇಟೆ ಮುಲಾಮಿಗೆಲ್ಲ ಬಗ್ಗಲ್ಲ ಅದು" ಎಂದರು.

ಇನ್ನೊಂದು ಸುತ್ತು ಮುಲಾಮು. ಮತ್ತೆ ಬಟ್ಟಲು, ಮತ್ತೆ ಮೊಸರು. ಸುದ್ದಿ ಊರೆಲ್ಲ ಹಬ್ಬಿತು. ಚಿಕ್ಕತಾಯಮ್ಮನ ಹೆಪ್ಪಿಗೆ ಔಷಧಿಯೇ ಸೋತಿತು ಎಂದು ಜನ ಕಿಟಕಿಗೆ ಬಂದು ಹೊಗಳಿ ಹೋಗುತ್ತಿದ್ದರು. ಅತ್ತೆ ಹೊಗಳಿಕೆ ಕೇಳಿ ಖುಷಿಪಡುವುದು, ರಾತ್ರಿಯೆಲ್ಲ ಕೆಮ್ಮುವುದು. ಅವರ ಬೆನ್ನಿನ ಕೆಳಗೆ ಚರ್ಮ ಕೆಂಪಗಾಗಿ ಒಂದು ಕಡೆ ಸುಲಿಯಿತು. ಎದೆಗೆ ಕಿವಿಗೊಟ್ಟರೆ ಒಳಗೆ ಗೊರಗೊರ ಸದ್ದು. ಡಾಕ್ಟರ್ ಜುಬೇದಾ ನನ್ನನ್ನು ವರಾಂಡಕ್ಕೆ ಕರೆದು, "ಇನ್ನು ಕಾಯುವ ಹಾಗಿಲ್ಲ, ಹೆಪ್ಪು ಇದ್ದಂತೆ ಕೊಯ್ಯುವ ಹಾಗೂ ಇಲ್ಲ" ಎಂದರು. ನನಗೆ ಭಯವಾಯಿತು. ದಿನಾ ಬೈಯುವವರು ಇಲ್ಲದ ಪಡಸಾಲೆಯನ್ನು ನೆನೆಸಿಕೊಂಡು ಆದ ಭಯ ಅದು.

ಮಾರನೆಯ ದಿನ ಅತ್ತೆಗೆ ತಮ್ಮ ಮನೆಯ ರಾಗಿಗಂಜಿಯೇ ಬೇಕೆನಿಸಿತು. ನಾನು ಮನೆಗೆ ಹೋಗಿ, ಗಂಜಿ ಕಾಸಿ, ಹಾಗೇ ಒಂದು ಚೊಂಬು ನೀರು ಹುಯ್ದುಕೊಂಡು, ಗಂಜಿಯ ಡಬ್ಬಿ ಹಿಡಿದು ಮರಳಿದೆ. ವರಾಂಡದ ತುದಿಯಲ್ಲಿ ನಗು ಕೇಳಿಸಿತು. ಬಾಗಿಲಲ್ಲಿ ನಿಂತು ನೋಡಿದರೆ, ಅತ್ತೆಯ ತಲೆಗೆ ಎರಡು ದಿಂಬು ಕೊಟ್ಟಿದ್ದರು. ಕೈಯಲ್ಲಿ ಲೋಟ. ಮೂತಿಯ ಮೇಲೆ ಬಿಳಿಯ ಗೆರೆ. ಸಿಸ್ಟರ್ ರತ್ನಾವತಿ ಪಕ್ಕದಲ್ಲಿ ನಿಂತಿದ್ದರು.

"ಹಾಲು ಕಣೇ!" ಎಂದರು ಅತ್ತೆ, ನನ್ನನ್ನು ನೋಡಿ. "ಬಟ್ಲು ತಂದು ಮುಂದೆ ಹಿಡಿದ್ರು, ಹಾಲು ಹಾಲಾಗೇ ಇತ್ತು. ಎಪ್ಪತ್ತು ವರ್ಷಕ್ಕೆ ಹಾಲು ಅಂದ್ರೆ ಏನಂತ ಬಾಯಿಗೆ ಬಿತ್ತು ನೋಡು. ಇದೇನೇ ಇದು, ಇಷ್ಟೇನಾ? ಸಪ್ಪೆ! ಇದುನ್ನ ಕುಡಿಯಾಕೆ ನೀವೆಲ್ಲ ಅಂಗೆ ಸಾಯ್ತೀರಾ?"

ಅವರ ಕಣ್ಣಲ್ಲಿ ನೀರಿತ್ತು. ನಗುವಿನದೋ ದುಃಖದ್ದೋ ನಾನು ಕೇಳಲಿಲ್ಲ. ಅಂತೂ ಆಪರೇಶನ್ ಆಗುತ್ತದೆ ಎಂಬ ಸಂತೋಷದಲ್ಲಿ ಡಬ್ಬಿಯನ್ನು ಕೆಳಗಿಟ್ಟು ಮಂಚದ ಹತ್ತಿರ ಹೋದೆ. ಅತ್ತೆ ಮಿಕ್ಕದ್ದನ್ನು ಕುಡಿಯಲು ಲೋಟ ಎತ್ತಿದರು. ಏನೂ ಬೀಳಲಿಲ್ಲ. ಇನ್ನಷ್ಟು ಎತ್ತಿದರು. ಲೋಟದ ತಳವನ್ನು ಕೈಯಿಂದ ತಟ್ಟಿದಾಗ ಗಟ್ಟಿ ಮೊಸರಿನ ಒಂದು ಹೆಂಟೆ ಅವರ ಗಲ್ಲದ ಮೇಲೆ ಬಿತ್ತು.

 ಸಿಸ್ಟರು ನನ್ನನ್ನು ನೋಡಿದರು. ನಾನು ನನ್ನ ಹಿಂದೆ ಯಾರಾದರೂ ಬಂದರೇ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ನೀವು ಸ್ವಲ್ಪ ಹೊರಗೆ ಹೋಗಿ" ಎಂದರು ಸಿಸ್ಟರು. ಹೋದೆ. ಹೊಸ ಬಟ್ಟಲು ಒಳಗೆ ಹೋಯಿತು. "ಈಗ ಬನ್ನಿ" ಎಂದರು. ಬಂದೆ. ಹಾಲಿನ ಮೇಲೆ ಸುಕ್ಕು ಮೂಡಿತು.

ಇದು ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಹೆಣ್ಣು ನೋಡಿದ ದಿನವೇ ನಾನು ಹಾಲಿನವಳೆಂದು ಊರು ತೀರ್ಮಾನ ಮಾಡಿ ಮುಗಿಸಿತ್ತು. ಆಮೇಲೆ ನಾನು ಬಂದು ಸೇರಿದ್ದು ಹಾಲೇ ನಿಲ್ಲದ ಮನೆಗೆ. ಅಲ್ಲಿ ಏನು ಗಟ್ಟಿಯಾದರೂ ಅತ್ತೆಯ ಹೆಸರಿಗೆ. ಬೇರೆ ಮನೆಗೆ ಹೋದರೆ, ಚಿಕ್ಕತಾಯಮ್ಮನ ಸೊಸೆ ಬಂದಳು, ಸೀರೆಯಲ್ಲಿ ಹೆಪ್ಪು ಹತ್ತಿಸಿಕೊಂಡು ಬಂದಿರುತ್ತಾಳೆ ಎಂದು ಅವರೇ ಹಾಲನ್ನು ಎತ್ತಿ ಆಚೆ ಇಡುತ್ತಿದ್ದರು. ಅದು ಯಾವ ವರ್ಷ, ಯಾವ ಕುಡಿಕೆಯ ಎದುರು ನನ್ನ ಮೂಗಿಗೆ ಬಂತೋ, ಆ ಕುಡಿಕೆಗೇ ಗೊತ್ತು. ಆಸ್ಪತ್ರೆಯಲ್ಲಿ ಪ್ರತಿ ಸಲ ಅತ್ತೆಯ ತಲೆ ಎತ್ತಿ ಹಿಡಿದು ಬಟ್ಟಲಿಗೆ ಬಗ್ಗುತ್ತಿದ್ದವಳು ನಾನೇ.

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವರು ನಕ್ಕ ನಗುವಿಗೆ ಮುರಿದ ಮೂಳೆಯಲ್ಲಿ ನೋವೆದ್ದಿತು, ಅಯ್ಯೋ ಅಯ್ಯೋ ಎನ್ನುತ್ತಲೇ ಮತ್ತೆ ನಕ್ಕರು. "ಕಳ್ಳಿ! ನನ್ನ ಮನೇಲೇ ಇದ್ಕಂಡು, ನನ್ನಿಂದ ಬೈಸ್ಕಂಡು, ಮೂಗಲ್ಲಿ ಬಚ್ಚಿಟ್ಕಂಡಿದ್ದಾ? ಮಣ್ಣಿಗೆ ಹೋಗಲ್ಲ ಕಣೇ ಇನ್ನು, ಮಣ್ಣಿಗೆ ಹೋಗಲ್ಲ!" ನನ್ನನ್ನು ಹತ್ತಿರ ಕರೆದು ಕೆನ್ನೆ ಹಿಡಿಯಲು ಕೈ ಚಾಚಿದರು. ಸಿಸ್ಟರು ನಡುವೆ ಬಂದು ನನ್ನನ್ನು ವರಾಂಡಕ್ಕೆ ಕಳಿಸಿದರು. ಅತ್ತೆಯ ಮೂಗು ಈಗ ಖಾಲಿಯಿತ್ತು. ಮುಲಾಮು ಬಿಟ್ಟ ಮೇಲೆ ನಾನು ಹತ್ತಿರ ಹೋದರೆ ಮತ್ತೆ ತುಂಬಿಕೊಳ್ಳುತ್ತಿತ್ತು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಸುಂದ್ರಕ್ಕ ಬೀದಿಯೆಲ್ಲ ಸಾರಿದಳಂತೆ. ನನ್ನ ಕಾಲ ಶುರುವಾದದ್ದು ನಿಂಬೆಗಿಡದ ಕೆಳಗಿನ ಕಲ್ಲುಬೆಂಚಿನ ಮೇಲೆ. ಆಪರೇಶನ್ ಆಯಿತು, ರಾಡು ಸರಿಯಾಗಿ ಕೂತಿತು. ಅತ್ತೆಯನ್ನು ನಿಂಬೆಗಿಡಕ್ಕೆ ಎದುರಾಗಿ, ಅಂಗಳದ ಆಚೆ ಬದಿಯಲ್ಲಿದ್ದ ಹೆಂಗಸರ ವಾರ್ಡಿಗೆ ಹಾಕಿದರು. ನನಗೆ ಕಿಟಕಿಯವರೆಗೆ ಹೋಗಲೂ ಬಿಡಲಿಲ್ಲ. ಬೆಂಚಿನಿಂದ ನೋಡಿದರೆ ಅವರ ಪಾದ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಆದರೆ ದನಿ ಕೇಳುತ್ತಿತ್ತು.

"ಪ್ರಮೀಳಾ! ಮುಲಾಮು ಗಿಲಾಮು ಮುಟ್ಟಿದ್ರೆ ನೋಡು! ಒಬ್ಬಳ ಮೂಗಲ್ಲಾದ್ರೂ ಇರ್ಲಿ ಅದು! ಮನೆಗೋಗಿ ಹಾಲು ಕಾಸು! ಕುಡಿಕೆ ಇಡು!"

ನಾನು ಮನೆಗೆ ಹೋಗಿ ಕುಡಿಕೆ ಇಟ್ಟೆ. ಅವರ ಮಣೆಯ ಮೇಲೆ ಕೂತೆ. ನನಗೆ ಬೈಯಲು ಬರುವುದಿಲ್ಲ, ಸುಮ್ಮನೆ ಕೂತೆ. ಸಾಲಿನುದ್ದಕ್ಕೂ ಹಾಲು ಒಂದಾದ ಮೇಲೊಂದು ಗಟ್ಟಿಯಾಗುತ್ತಾ ಹೋಯಿತು. ಅದು ಎಂಥ ಸುಖ ಎಂದು ಅವತ್ತು ತಿಳಿಯಿತು. ಗಿರಾಕಿಗಳು ಬಾಯಿಗೆ ಹಾಕಿಕೊಂಡು, ಅತ್ತೆಯದಕ್ಕಿಂತ ಸಿಹಿ ಎಂದರು. ನನಗೆ ಬಹಳ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ.

ಮೊಸರು ಮಾರಿ ಆಸ್ಪತ್ರೆಗೆ ಹೋದಾಗ ಸಿಸ್ಟರ್ ರತ್ನಾವತಿ ಬೆಂಚಿಗೇ ಬಂದರು. "ನಿಮ್ಮತ್ತೆ ಯಾರ ಕೈಲೂ ಬೆಡ್‌ಪ್ಯಾನ್ ಇಡಿಸಿಕೊಳ್ಳಲ್ಲ. ಆಯಾ ಹೋದ್ರೆ ಬೈದು ಕಳಿಸ್ತಾರೆ. ಮಗ ಬಂದ್ರೆ 'ಏನೂ ಬಂದಿಲ್ಲ' ಅಂತಾರೆ. ನಾವು ನೋಡೋಷ್ಟರಲ್ಲಿ ಹಾಸಿಗೆ ಒದ್ದೆ. ಗಾಯ ಇರೋದು ಸೊಂಟದಲ್ಲಿ. ಹೀಗೇ ಒದ್ದೆಯಲ್ಲಿ ಬಿದ್ದಿದ್ರೆ, ಹೆಪ್ಪಿಲ್ಲದೇನೂ ಹುಳಿಯುತ್ತೆ."

"ನನ್ನ ಕೈಯಲ್ಲಿ ಇಡಿಸಿಕೊಳ್ಳುತ್ತಿದ್ದರಲ್ಲ" ಎಂದೆ.

"ಅದಕ್ಕೇ ನಿಮಗೆ ಹೇಳ್ತಿರೋದು" ಎಂದು ಸಿಸ್ಟರು ಹೊರಟುಹೋದರು.

ನನಗೆ ಅತ್ತೆಯ ಮೇಲೆ ಪ್ರೀತಿ ಇದೆ ಎಂದು ನಾನು ಯಾವತ್ತೂ ಹೇಳಿಕೊಂಡವಳಲ್ಲ. ಅವರೂ ಕೇಳಿದವರಲ್ಲ. ಆದರೆ ಇಷ್ಟು ವರ್ಷದಲ್ಲಿ ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು ನನ್ನೊಬ್ಬಳ ಎದುರು. ಮುಖ ಮುಚ್ಚಿಕೊಂಡಾದರೂ ಇರಲಿ, ನನ್ನೆದುರು ಅವರು ಒದ್ದೆಯಲ್ಲಿ ಮಲಗಲಿಲ್ಲ. ನಾನು ಬೆಂಚಿನಿಂದ ಎದ್ದು ಔಷಧಿ ಕೊಡುವ ಕಿಟಕಿಗೆ ಹೋಗಿ ಮುಲಾಮು ಕೇಳಿದೆ. ಒಳಗಿದ್ದವರು ಹೆಸರು ಕೇಳಿದರು. ನನ್ನದೇ ಹೆಸರು ಹೇಳಿದೆ. ಗಂಡನಿಗೆ ಮಾತ್ರ ತಿಳಿಸಿದೆ. ಅವರು ಸೈಕಲ್ ಚಕ್ರ ತಿರುಗಿಸುತ್ತಲೇ, "ಅವ್ವ ನಿನ್ನ ಸುಮ್ನೆ ಬಿಡಲ್ಲ" ಎಂದರು. ಬೇಡ ಎನ್ನಲಿಲ್ಲ.

ಮುಲಾಮು ಮುಗಿಯುವ ತನಕ ಸಿಸ್ಟರು ಹೇಗೋ ಬೈಸಿಕೊಂಡು ಹಾಸಿಗೆ ಬದಲಾಯಿಸುತ್ತಾ ಬಂದರು. ಅಷ್ಟೂ ದಿನ ನಾನು ಪಡಸಾಲೆಯಲ್ಲಿ ಕುಡಿಕೆ ಇಟ್ಟು ಕೂರುತ್ತಿದ್ದೆ. ಮೊದಲು ಗಟ್ಟಿಯಾಗಲು ತಡವಾಯಿತು. ಆಮೇಲೆ ನೀರು ಬಿಟ್ಟುಕೊಂಡಿತು. ಒಂದು ಬೆಳಿಗ್ಗೆ ಸಾಲಿನುದ್ದಕ್ಕೂ ಹಾಲು, ತಿಳಿಯಾಗಿ, ನನ್ನ ಮುಖವನ್ನೇ ತೋರಿಸುತ್ತಾ ನಿಂತಿತ್ತು. ನನಗೆ ಅಳು ಬಂತು. ಅದನ್ನು ಹಟ್ಟಿಯವರಿಗೇ ಮರಳಿ ಕೊಟ್ಟು, ಸೀರೆ ಬದಲಾಯಿಸಿ ಆಸ್ಪತ್ರೆಗೆ ಹೊರಟೆ.

ವಾರ್ಡಿನ ಬಾಗಿಲಲ್ಲಿ ಬಟ್ಟಲಿನ ಎದುರು ನಿಂತೆ. ಅತ್ತೆಯ ಮಂಚ ಅಲ್ಲಿಗೆ ನೇರವಾಗಿತ್ತು. ಅವರು ನನ್ನನ್ನು ನೋಡಿದರು, ಬಟ್ಟಲನ್ನು ನೋಡಿದರು. ಹಾಲು ಅಲ್ಲಾಡುತ್ತಲೇ ಇತ್ತು. ಸಿಸ್ಟರು ತಲೆಯಾಡಿಸಿ ಒಳಗೆ ಬಿಟ್ಟರು. ನಾನು ಮಂಚದ ಹತ್ತಿರ ಹೋಗಿ ನಿಂತಾಗ ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದ್ದರು. ಬೈಗುಳಕ್ಕೆ ಕಾದೆ. ಬರಲಿಲ್ಲ. ಪಕ್ಕದ ಮಂಚದವರು ನಮ್ಮಿಬ್ಬರನ್ನೂ ನೋಡುತ್ತಾ ಬಾಳೆಹಣ್ಣು ಸುಲಿಯುವುದನ್ನು ನಿಲ್ಲಿಸಿದರು.

"ಮನೆ ಹಾಳು ಮಾಡ್ದೆ" ಎಂದರು ಅತ್ತೆ, ಗೋಡೆಗೆ.

"ಹೂಂ" ಎಂದೆ.

ಆಮೇಲೆ, "ಪ್ಯಾನು ಕೊಡು" ಎಂದರು. ಈ ಸಲ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳಲಿಲ್ಲ.

ಗಾಯ ಹುಳಿಯಲಿಲ್ಲ. ಹೊಲಿಗೆ ಬಿಚ್ಚಿದ ದಿನ ಡಾಕ್ಟರ್ ಜುಬೇದಾ ಅದರ ಮೇಲೆ ಬೆರಳಾಡಿಸಿ, "ಚಿನ್ನದಂಥ ಗಾಯ" ಎಂದರು.  ಅತ್ತೆ ಅಲ್ಯೂಮಿನಿಯಂ ವಾಕರ್ ಹಿಡಿದು ಪಾಯಖಾನೆಯವರೆಗೆ ತಾವೇ ನಡೆದುಹೋಗಿ, ಬಾಗಿಲು ಹಾಕಿಕೊಂಡು, ಬಹಳ ಹೊತ್ತು ಒಳಗೇ ಇದ್ದರು. ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದರು.

ಮನೆಗೆ ಬಂದ ಮೇಲೆ ಕಾಯುವುದು ಶುರುವಾಯಿತು. ಕೆಲವರಿಗೆ ಮತ್ತೆ ಬರುತ್ತದೆ ಎಂದಿದ್ದರಲ್ಲ. ಅತ್ತೆ ಕುರ್ಚಿ ಹಾಕಿಸಿಕೊಂಡು ಒಂದೇ ಒಂದು ಕುಡಿಕೆಯ ಎದುರು ಕೂರುತ್ತಿದ್ದರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಬೈದು ನೋಡಿದರು. ನಮ್ಮ ಮಾವನನ್ನು ಆಗ ಬೈದಷ್ಟು ಯಾವತ್ತೂ ಬೈದಿರಲಿಲ್ಲ. ಹಾಲು ಹಾಲಾಗಿಯೇ ಇರುತ್ತಿತ್ತು, ಸಂಜೆಗೆ ಒಡೆದುಹೋಗುತ್ತಿತ್ತು. ಅವರು ಎದ್ದ ಮೇಲೆ ನಾನು ಕೂತು ನೋಡುತ್ತಿದ್ದೆ. ನನಗೂ ಅಷ್ಟೇ. ಗಂಡ ಒಂದು ದಿನ ಹಿತ್ತಿಲಲ್ಲಿ ನಿಂತು ಕದ್ದು ಕಾಫಿ ಕುಡಿಯುತ್ತಿದ್ದುದನ್ನು ಅತ್ತೆ ವಾಸನೆಯಿಂದಲೇ ಹಿಡಿದರು. "ಒಳಗೇ ಬಂದು ಕುಡೀಲಾ" ಎಂದರು. ಗಂಡನಿಗೆ ಆ ಕಾಫಿ ಇಳಿಯಲಿಲ್ಲ.

ಮೊಸರಿಗೆ ಬಂದ ಗಿರಾಕಿಗಳು ಬಾಗಿಲಿಂದಲೇ ಮರಳಿದರು. ಕೆಲವು ದಿನ ಬಂದರು, ಆಮೇಲೆ ಬರುವುದು ನಿಂತಿತು. ಖಾಲಿ ಕುಡಿಕೆಗಳನ್ನು ಬೋರಲು ಹಾಕಿ ಒಂದರ ಮೇಲೊಂದು ಇಟ್ಟೆ. ನಾನು ಮುಲಾಮು ಹಚ್ಚಿಕೊಂಡದ್ದು ಸರಿಯೇ ಎಂದು ಆಗ ನನ್ನನ್ನು ಯಾರಾದರೂ ಕೇಳಿದ್ದರೆ, ಅತ್ತೆ ವಾಕರ್ ಹಿಡಿದು ನಡೆಯುವಾಗ ಸರಿ ಎನ್ನುತ್ತಿದ್ದೆ, ಕುರ್ಚಿಯಲ್ಲಿ ಕೂತಿರುವಾಗ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಒಂದು ದಿನ ಇಳಿಹೊತ್ತಿನಲ್ಲಿ ಅತ್ತೆ ಕುರ್ಚಿಯಿಂದ ಎದ್ದರು. "ಹಿಡಿ ಇರೋ ಬಟ್ಲು ಒಂದು ಕೊಡು" ಎಂದರು. ಕೊಟ್ಟೆ. ವಾಕರಿನ ಅಡ್ಡಕಂಬಿಗೆ ಅದನ್ನು ಹಳೆಯ ಸೀರೆಯ ಅಂಚಿನ ಪಟ್ಟಿಯಿಂದ ಕಟ್ಟಿಸಿಕೊಂಡರು. ಎಲ್ಲಿಗೆ ಎಂದು ಕೇಳಿದರೆ, "ದೀಪ ಹಚ್ಚಿದ ಮ್ಯಾಲೆ ಯಾರೂ ಕೊಡಲ್ಲ, ನಡಿ" ಎಂದರು. ಹೊಸ್ತಿಲು ದಾಟಿಸಲು ಹೋದ ನನ್ನ ಕೈಯನ್ನು ಸರಿಸಿ ತಾವೇ ದಾಟಿದರು. ಬೀದಿ ಅಡ್ಡ ಹಾಯುವಾಗ ಬಟ್ಟಲು ಕಂಬಿಗೆ ಬಡಿದು ಟಣ್ ಟಣ್ ಎನ್ನುತ್ತಿತ್ತು. ಜಗಲಿಗಳ ಮೇಲೆ ಕೂತವರು ಮಾತು ನಿಲ್ಲಿಸಿ ನೋಡಿದರು. ನಾನು ಹಿಂದೆ ನಡೆದೆ.

ಎದುರುಮನೆಯ ಬಾಗಿಲಲ್ಲಿ ನಿಂತು ಅತ್ತೆ, "ಸುಂದ್ರಾ" ಎಂದು ಕರೆದರು. ಆ ಒಂದು ದನಿಗೆ ಸುಂದ್ರಕ್ಕ ಒಳಗಿನಿಂದಲೇ "ಬಂದೆ ಅಕ್ಕಾ" ಎಂದಳು. ಪಾತ್ರೆ ಸದ್ದಾಯಿತು. ಹೊರಗೆ ಬಂದವಳ ಕೈಯಲ್ಲಿ, ಇಷ್ಟು ವರ್ಷದ ಅಭ್ಯಾಸದ ಹಾಗೆ, ಅವಳದೇ ಒಂದು ಖಾಲಿ ಬಟ್ಟಲಿತ್ತು. ಅದನ್ನು ಮುಂದಕ್ಕೆ ಹಿಡಿದೂ ಬಿಟ್ಟಿದ್ದಳು. ಆಮೇಲೆ ವಾಕರಿಗೆ ಕಟ್ಟಿದ್ದ ಬಟ್ಟಲು ಅವಳ ಕಣ್ಣಿಗೆ ಬಿತ್ತು.

"ಕೊಡಾಕೆ ಬಂದಿಲ್ಲ ಕಣೇ" ಎಂದರು ಅತ್ತೆ. "ಕೇಳಾಕೆ ಬಂದಿವ್ನಿ. ಒಂದು ಚಮಚ ಹೆಪ್ಪು ಇದ್ರೆ ಕೊಡವ್ವ."

ಸುಂದ್ರಕ್ಕ ನನ್ನ ಮುಖ ನೋಡಿದಳು. ನಾನು ಕೆಳಗೆ ನೋಡಿದೆ. ಅವಳು ತನ್ನ ಬಟ್ಟಲನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಒಳಗೆ ಓಡಿದಳು. ಅತ್ತೆ ವಾಕರಿನ ಮೇಲೆ ಎರಡೂ ಕೈ ಊರಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಇನ್ನೊಬ್ಬರ ಬಾಗಿಲಲ್ಲಿ ಕಾಯುತ್ತಾ ನಿಂತರು. ಹಾಗೆ ಕಾಯುವುದು ಅವರಿಗೆ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಕೈ ತೆಗೆದು, ಹಿಂದೆ ನಿಂತಿದ್ದ ನನ್ನ ಕಡೆ ಚಾಚಿದರು. ನಾನು ಹಿಡಿದುಕೊಂಡೆ.